ನಾನೂರ ಅರವತ್ತನಾಲ್ಕರಲ್ಲಿ ದೀಪವಿಲ್ಲ

ಪೈಪ್ಸಿ ಸರೋವರದ ದಡದಲ್ಲಿ ಮೀನು ಸೀಳುವಾಗ
ಅಜ್ಜಿಯದು ಒಂದೇ ಮಾತು:
ಪಿತ್ತದ ಚೀಲ ಒಡೆದೀಯೆ, ಹುಷಾರು.
ಒಡೆದರೆ ಇಡೀ ಮೀನು ಕಹಿ,
ಬೆಕ್ಕೂ ಮೂಸದು.

ಈಗ ಟಾರ್ಟುವಿನ ಮೂರನೆಯ ಮಹಡಿಯಲ್ಲಿ
ನನ್ನ ಅನ್ನವೇ ಆ ಕಹಿ.
ಐಸಿನಲ್ಲಿ ಹೂತು ಬಂದ ಸಣ್ಣ ಕೊಳವೆ, ಮೇಲೊಂದು ಚೀಟಿ:
ಗಂಡು, ಏಳು ತಿಂಗಳು.
ಹೆಸರು ನಮಗೆ ಕೊಡುವುದಿಲ್ಲ.
ಕರುಳಿನ ಬಾಯಿಗೆ ನಳಿಕೆ ಇಳಿಸಿ
ಕಾದು ಕಾದು ಹಿಡಿದದ್ದು ಅರ್ಧ ಚಮಚೆಯೂ ಇಲ್ಲ.
ಬಣ್ಣ, ನೀರು ಹೆಚ್ಚಾದ ಚಹಾ.

ಡಾಕ್ಟರ್ ಲೌರ್ ಬರೆದಿದ್ದಾರೆ, ಕೋಳಿ ಕೆದರಿದಂಥ ಅಕ್ಷರ:
ಕಣ್ಣು ಹಳದಿ. ಮಲ ಸುಣ್ಣದ ಹಾಗೆ.
ಕೊನೆಗೆ, ಅಡಿಗೆರೆ ಎಳೆದು,
ಮಗು ಮೈ ಕೆರೆದುಕೊಳ್ಳುವುದಿಲ್ಲ ಎನ್ನುತ್ತಾಳೆ ತಾಯಿ.

ಕೆರೆದುಕೊಳ್ಳುವುದಿಲ್ಲ.
ಪಿತ್ತ ರಕ್ತಕ್ಕೆ ನುಗ್ಗಿದರೆ ತೊಗಲು ಸುಮ್ಮನಿರುತ್ತದೆಯೆ?
ತುರಿಕೆಯೇ ಇಲ್ಲವೆಂದರೆ
ನುಗ್ಗಲು ಅಲ್ಲಿ ಏನೂ ಇಲ್ಲವೇನೋ.

ಯಂತ್ರಕ್ಕೆ ಉಣಿಸಿ ಕೂತೆ.
ಹೊರಗೆ ಮೂರೂವರೆಗೇ ಕತ್ತಲು.
ಪರದೆಯ ಮೇಲೊಂದು ಬೀದಿ, ತೂಕವೇ ಮನೆ ನಂಬರು.
ಮೂವತ್ತೊಂದು ವರ್ಷ ಇಲ್ಲಿ ಅಂಚೆ ಹಂಚಿದವಳ ಹಾಗೆ
ಕಣ್ಣು ಮುಚ್ಚಿದರೂ ಗೊತ್ತು ಯಾರ ಮನೆ ಎಲ್ಲಿ.
೪೬೪ರಲ್ಲಿ ದೀಪ ಇರಬೇಕು. ಇಲ್ಲ.
೫೧೪, ಅಲ್ಲೂ ಬಾಗಿಲು ಹಾಕಿದೆ.
೪೬೯ರಲ್ಲಿ ಮಾತ್ರ, ೪೮೫ರಲ್ಲಿ,
ಯಾರೂ ವಾಸವಿರಬಾರದ ಮನೆಗಳಲ್ಲಿ,
ಕಣ್ಣು ಕುಕ್ಕುವ ಬೆಳಕು.

ನಂಬಲಿಲ್ಲ. ಕೊಳವೆ ಬದಲಾಯಿತೆ, ನನ್ನ ಕೈ ತಪ್ಪಿತೆ,
ತೊಳೆದು ಮತ್ತೆ ಓಡಿಸಿದೆ.
ರೈ ರೊಟ್ಟಿ ಚೀಲದಲ್ಲೇ ಒಣಗಿತು.
ಅವೇ ಮನೆ, ಅದೇ ಬೆಳಕು.

ಯಕೃತ್ತು ಸೋಮಾರಿಯಲ್ಲ, ಪಾಪ.
ಕೊಬ್ಬನ್ನು ಕೆತ್ತಿ ಕೆತ್ತಿ ಕಹಿ ಮಾಡಹೊರಟು
ಎರಡನೆಯ ಏಟಿಗೇ ಉಳಿ ಮುರಿದಿದೆ.
ಅರೆಬರೆ ಕೆತ್ತಿದ್ದನ್ನೇ ರಾಶಿ ಹಾಕಿಕೊಂಡು
ಆ ರಾಶಿಯ ಕೆಳಗೆ ತಾನೇ ಸಿಕ್ಕಿಕೊಂಡಿದೆ.
ಸಿಟ್ಟು ಬಂದವರ ಪಿತ್ತ ನೆತ್ತಿಗೇರುತ್ತದಂತೆ.
ಈ ಮಗುವಿಗೆ ಏರಿಸಲಿಕ್ಕೂ ಪಿತ್ತವಿಲ್ಲ.

ಮದ್ದು ಇದೆ. ಅದನ್ನು ನೆನೆದರೆ ನನಗೆ ನಗು:
ಇಲ್ಲದ ಕಹಿಯನ್ನೇ ಕ್ಯಾಪ್ಸೂಲಿನಲ್ಲಿ ತುಂಬಿ
ಹಾಲಿಗೆ ಕದಡಿ ಕುಡಿಸುವುದು, ದಿನಾ,
ಬದುಕಿರುವಷ್ಟು ದಿನ.
ಸಿದ್ಧ ಕಹಿ ಬಂತೆಂದು ಗೊತ್ತಾದರೆ
ಒಳಗಿನವನು ಕೈ ತೊಳೆದು ಕೂರುತ್ತಾನೆ.

ಸಹಿ ಹಾಕಿ ಫೋನು ಮಾಡಿದೆ.
ಲೌರ್ ಕೆಲಹೊತ್ತು ಮಾತಾಡಲಿಲ್ಲ.
ಆಮೇಲೆ, ನಿಯಮ ಮರೆತು,
ಊಕು ಅಂತ, ಅವನ ಹೆಸರು, ಎಂದರು.

ಕೊಳವೆಯ ತಳದಲ್ಲಿ ಇನ್ನೂ ಒಂದು ಹನಿ.
ಚೆಲ್ಲಬೇಕಿತ್ತು.
ಮುಚ್ಚಳ ಬಿಗಿದು, ಅಜ್ಜಿ ಹೇಳಿದಷ್ಟೇ ಹುಷಾರಾಗಿ,
ಫ್ರೀಜರಿನಲ್ಲಿಟ್ಟೆ.