ತಂದೆಯ ಹೆಸರಿನ ಕಾಲಂ

ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಬಂತು
ಬೆರಳುದ್ದದ ಬಾಟಲಿ, ಥರ್ಮೊಕೋಲಿನ ತೊಟ್ಟಿಲಲ್ಲಿ.
ಕಾಪುವಿನಲ್ಲಿ ಇಳಿಸಿಕೊಟ್ಟ ಕ್ಲೀನರ್ ಹುಡುಗ
ಕಿವಿಯ ಹತ್ತಿರ ಅಲ್ಲಾಡಿಸಿದ: "ಎಂತ ಉಂಟು ಬಾಯಮ್ಮ, ಇದರಲ್ಲಿ?"
"ಕಣಜ" ಅಂದೆ.
"ಭತ್ತದ್ದಾ?" ಅಂತ ನಕ್ಕ.

ಮುದರಂಗಡಿಯ ಮುರಕಲ್ಲಿನ ಮೇಲೆ
ನನ್ನ ಗ್ರಾಚುಯಿಟಿಯೆಲ್ಲ ನುಂಗಿ ಎದ್ದ ಪಾಲಿಹೌಸು.
ಒಳಗೆ ಸೌತೆ, ಎಂಟು ಸಾಲು.
ಐದನೆಯದರಲ್ಲಿ ಎಲೆ ಮಗುಚಿದರೆ
ಹಸಿರು ಹೇನು, ಅಂಟು, ಅಂಟಿನ ಮೇಲೆ ಮಸಿ.
ಅಂಗಡಿಯ ತ್ಯಾಂಪಣ್ಣ ಹೇಳಿದ, "ಮದ್ದು ಬಿಡಿ."
ಉಡುಪಿಯ ಹೆರಿಗೆ ವಾರ್ಡಿನಲ್ಲಿ
ಮೂವತ್ತೊಂದು ವರ್ಷ ಮದ್ದು ಕೊಟ್ಟವಳು ನಾನು,
ಯಾವಾಗ ಕೊಡಬಾರದು ಅನ್ನುವುದೂ ಸ್ವಲ್ಪ ಗೊತ್ತು.
ಹೇನು ಬಿತ್ತೆಂದು ತಲೆ ಬೋಳಿಸುವುದಾ?

ಮೊದಲು ಇರುವೆಗಳ ಪಂಚಾತಿಕೆ.
ಹೇನಿನ ಸಿಹಿ ನೆಕ್ಕಿ ಹೇನನ್ನೇ ಕಾಯುವ ಜಾತಿ,
ಕಣಜ ಬಂದರೆ ಕಚ್ಚಿ ಓಡಿಸುತ್ತವೆ.
ಅಪ್ಪಿ ಸ್ಟ್ಯಾಂಡಿನ ಕಾಲುಗಳಿಗೆಲ್ಲ
ಖಾಲಿ ಐಸ್‌ಕ್ರೀಮ್ ಡಬ್ಬಿ ಇಟ್ಟು ನೀರು ಹೊಯ್ದಳು,
"ಸಕ್ಕರೆ ಭರಣಿಗೆ ಮಾಡಿದ ಹಾಗೇ" ಅನ್ನುತ್ತಾ.
ಹಳದಿ ಅಂಟುಹಾಳೆ ಬಿಚ್ಚಿ ತೆಗೆದೆವು.
ನೆಂಟರು ಬರುವಾಗ ಬಾಗಿಲಲ್ಲಿ ಬೋನು ಇಡುತ್ತಾರಾ?

ಮುಚ್ಚಳ ತೆರೆದೆ.
ಕರಿಮೆಣಸು ನುಣ್ಣಗೆ ಕುಟ್ಟಿ ಯಾರೋ ಊದಿದ ಹಾಗೆ.
ಮುಳ್ಳು ಉಂಟು, ನಮಗಲ್ಲ.
ಕನ್ನಡಕದ ಮೇಲೆ ಭೂತಕನ್ನಡಿ ಹಿಡಿದು ಕೂತೆ:
ಹೊಟ್ಟೆಯನ್ನು ಕಾಲಿನ ನಡುವಿಂದ ಮುಂದಕ್ಕೆ ಬಾಗಿಸಿ
ಒಂದು ಚುಚ್ಚು. ಹೇನು ಒದೆಯಿತು. ಮುಗಿಯಿತು.
ನಾನು ಹಾಕಿದ ಯಾವ ಇಂಜೆಕ್ಷನ್ನೂ
ಅಷ್ಟು ಚೊಕ್ಕವಿರಲಿಲ್ಲ.

ಹತ್ತು ದಿನ ಏನೂ ಇಲ್ಲ.
ತ್ಯಾಂಪಣ್ಣ ಎರಡು ಸಲ ಬೈಕು ನಿಲ್ಲಿಸಿ ಹೋದ.
ಹನ್ನೊಂದಕ್ಕೆ ಅಪ್ಪಿ ಕೂಗಿದಳು: ಎಲೆಯಡಿ
ಹುರಿದ ಎಳ್ಳಿನ ಬಣ್ಣಕ್ಕೆ ತಿರುಗಿ, ಊದಿ,
ನಿಂತಲ್ಲೇ ಗಟ್ಟಿಯಾದ ಹೇನುಗಳು.
ಮತ್ತೆ ನಾಲ್ಕು ದಿನಕ್ಕೆ ಒಂದರ ಬೆನ್ನಲ್ಲಿ
ಗುಂಡಗೆ ಬಾಗಿಲು ಕತ್ತರಿಸಿ ಒಳಗಿನದು ಹೊರಗೆ ಬಂತು,
ಮೀಸೆ ಒರೆಸಿಕೊಂಡಿತು. ಅಳಲಿಲ್ಲ.
ಅಭ್ಯಾಸಬಲ, ಗಡಿಯಾರ ನೋಡಿದೆ:
ಏಳೂ ನಲ್ವತ್ತು.

ಈ ಹೇನುಗಳಿಗೆ ಗಂಡು ಬೇಡವಂತೆ.
ಹೆಣ್ಣು ಹೆಣ್ಣನ್ನೇ ಹೆರುತ್ತದೆ, ಹುಟ್ಟುವ ಮಗಳ ಹೊಟ್ಟೆಯಲ್ಲಿ
ಮೊಮ್ಮಗಳು ಆಗಲೇ ತಯಾರು.
ಕಣಜಕ್ಕಾದರೆ ಅಪ್ಪನಿಲ್ಲದ ಮೊಟ್ಟೆಯೆಲ್ಲ ಗಂಡು.
ಇಷ್ಟು ಓದಿ ಪುಸ್ತಕ ಮಡಚಿದೆ.
ನನ್ನ ರಿಜಿಸ್ಟರಿನಲ್ಲಿ ಮಾತ್ರ ಒಂದು ಕಾಲಂ ಇತ್ತು,
ಖಾಲಿ ಬಿಡುವಂತಿರಲಿಲ್ಲ.

ಕಟಪಾಡಿ ಕಡೆಯ ಹುಡುಗಿ, ಬೀಡಿ ಕಟ್ಟಿದ ಬೆರಳು,
ಗೋಡೆಗೆ ತಿರುಗಿ ಮಲಗಿದ್ದಳು.
ಪೆನ್ನು ಹಿಡಿದು ಮೂರು ಸಲ ಕೇಳಿದೆ.
ಮೂರನೆಯದು ಕೇಳಬಾರದಿತ್ತು.

ಇವತ್ತು ಕ್ಯಾಲೆಂಡರಿನ ಹಿಂದೆ ಬರೆದೆ:
ಐದನೇ ಸಾಲು. ಹೆರಿಗೆ ಹನ್ನೆರಡು.
ಹೊತ್ತವರು ಯಾರೂ ಉಳಿಯಲಿಲ್ಲ.
ಅದರ ಮುಂದೆ ಗೆರೆ ಎಳೆಯಲಿಲ್ಲ, ಹಾಗೇ ಬಿಟ್ಟೆ.

ಅಪ್ಪಿ ಸೌತೆ ಕೊಯ್ಯುತ್ತಾ ಬರುತ್ತಿದ್ದಳು,
ಒಣಗಿದ ಹೂವಿನ ತುದಿ ಚಿವುಟಿ, ಬುಟ್ಟಿಗೆ.
ಒಂದು ಹಳದಿ ಎಲೆಗೆ ಕೈ ಹಾಕಿದಳು.
ಅದನ್ನು ಕೀಳಬೇಡ ಮಾರಾಯ್ತಿ, ಅಂದೆ,
ಮೂರು ಇನ್ನೂ ತೆರೆದಿಲ್ಲ.