ಜೀಪಿನ ತಳ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ
ಭಾನುವಾರ ಬಾಗಿಲು ತೆಗೆಯುವವರು ಏಳುಮಲೈ ಒಬ್ಬರೇ.
ಭದ್ರಾವತಿ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ
ಬೆಂಕಿಯ ಜೊತೆ ಸಂಬಳಕ್ಕಿದ್ದವರು.
"ಟೈಲರಮ್ಮಾ, ಇದೆಲ್ಲ ಯಾಕೆ ನಿಮಗೆ?" ಅಂದರು ಮೊದಲ ದಿನ.
ಸುಮ್ನೆ, ಅಂದೆ.
ಅವರು ತಲೆ ಕೆರೆದುಕೊಂಡು
ಮತ್ತೇನೂ ಕೇಳದೆ ಹೋಲ್ಡರ್ ಕೈಗಿತ್ತರು.

ಜೀಪು ಹೊಸನಗರದ್ದು. ಇಪ್ಪತ್ತೆರಡು ಸಾವಿರಕ್ಕೆ ಬಂತು,
ಎಂಜಿನ್ನು ಬಿಚ್ಚಿಟ್ಟದ್ದು, ಗೇರ್ ಬಾಕ್ಸ್ ಗೋಣಿಚೀಲದಲ್ಲಿ.
ಬಣ್ಣ ಉಜ್ಜಿದರೆ ಹಸಿರಿನ ಕೆಳಗೆ ಹಳದಿ,
ಹಳದಿಯ ಕೆಳಗೆ ಯಾವುದೋ ಚುನಾವಣೆಯ
ಅರ್ಧ ಉಳಿದ ಒಂದು "ಮತ ನೀ".
ತಳವೇ ಇರಲಿಲ್ಲ.
ಡ್ರೈವರ್ ಸೀಟಲ್ಲಿ ಕೂತು ಕಾಲು ಚಾಚಿದರೆ
ಪಾದ ನೆಲಕ್ಕೇ ತಾಕುತ್ತಿತ್ತು,
ನಾನೇ ನಡೆದು ಓಡಿಸಬೇಕೇನೋ ಎಂಬಂತೆ.

ತೊಟ್ಟದ್ದು ಕಾಕಿ ಅಂಗಿ.
ಆಟೋ ಓಡಿಸುವ ಗುತ್ಯಪ್ಪ ಹೊಲಿಯಲು ಕೊಟ್ಟು
ಎರಡು ವರ್ಷವಾದರೂ ಒಯ್ಯದೆ ಬಿಟ್ಟದ್ದು.
ತೋಳಿಗೆ ನಾನೇ ಹಾಕಿದ್ದ ಎರಡೆಳೆ ಹೊಲಿಗೆ
ಮೊದಲ ಗಂಟೆಯಲ್ಲೇ ಕಿಡಿ ಬಿದ್ದು ಸುಟ್ಟಿತು.
ಅವನು ಈಗ ಬಂದು ಕೇಳಿದರೆ ಏನು ಹೇಳಲಿ?

ಕಪ್ಪು ಗಾಜು ಮುಖಕ್ಕೆ ಇಳಿಸಿದರೆ
ಅಮಾವಾಸ್ಯೆ. ಕಡ್ಡಿ ಎಲ್ಲಿ, ತಗಡು ಎಲ್ಲಿ,
ಕೈ ಯಾರದ್ದು.
ಗೀರಿದೆ. ಅಂಟಿಕೊಂಡಿತು. ಎಳೆದೆ, ಬರಲಿಲ್ಲ,
ಹಲಸಿನ ಮೇಣದ ಹಾಗೆ.
"ಆಚೀಚೆ ಅಲ್ಲಾಡಿಸಿ ಕೀಳಿ. ಮತ್ತೆ."
ಮತ್ತೆ ಗೀರಿದೆ. ಹತ್ತಿತು.
ಕಾಳುಮೆಣಸಿನಷ್ಟು ಸೂರ್ಯ,
ಅದರ ಹಿಂದೆ ಕರಗಿದ ಒಂದು ಹನಿ,
ಅಷ್ಟೇ ಲೋಕ.

"ನೋಡಿದರೆ ಸಾಲದು, ಕೇಳಿ," ಅನ್ನುತ್ತಾರೆ ಏಳುಮಲೈ.
"ಹಪ್ಪಳ ಕರಿದ ಸದ್ದು ಬಂದರೆ ಸರಿ.
ಪಟಾಕಿ ಸದ್ದು ಬಂದರೆ ಕೈ ದೂರ ಹೋಗಿದೆ."
ಸುತ್ತಿಗೆಯಲ್ಲಿ ಕಿಟ್ಟ ಕುಟ್ಟಿ ಉದುರಿಸಿ
ಕನ್ನಡಕ ಏರಿಸಿ ನೋಡಿ ಹೇಳಿದರು:
ಕಾಗೆ ಹಿಕ್ಕೆ.
ಅದರ ಮುಂದಿನ ವಾರವೂ ಕಾಗೆಯೇ.

ಇಲ್ಲಿ ಯಾರೂ ಬೆಸುಗೆ ಅನ್ನುವುದಿಲ್ಲ.
ಅದು ಮದುವೆ ಕರೆಯೋಲೆಯ ಮಾತು.
ಇಲ್ಲಿ ವೆಲ್ಡಿಂಗು. ಎಪ್ಪತ್ತು ಆಂಪು. ಎರಡೂವರೆ ಎಂಎಂ ಕಡ್ಡಿ.

ನನ್ನ ಕಸುಬಿನಲ್ಲಿ ತೂತು ಮಾಡಿಯೇ ಕೂಡಿಸುವುದು.
ಸೂಜಿ ಚುಚ್ಚದೆ ಯಾವ ಎರಡು ಬಟ್ಟೆ ಒಂದಾಗಿವೆ?
ಇಲ್ಲಿ ತೂತಾಯಿತೋ, ಸೋತೆ.
ತೆಳು ತಗಡು, ಒಂದು ಉಸಿರು ಹೆಚ್ಚು ನಿಂತರೆ
ಕಣ್ಣೆದುರೇ ಬಾಯಿ ಬಿಡುತ್ತದೆ,
ತುಂಬಲು ಹೋದಷ್ಟೂ ಅಗಲ.
ಒಂದೇ ಸಮ ಎಳೆದುಕೊಂಡು ಹೋಗಬೇಡಿ, ಅಂದರು,
ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಆರಲು ಬಿಡಿ.
ಅದು ಗೊತ್ತು ನನಗೆ. ರೇಷ್ಮೆಗೆ ಫಾಲ್ ಹಚ್ಚುವಾಗ
ಮೊದಲು ಎರಡು ತುದಿಗೆ ಪಿನ್ನು, ಆಮೇಲೆ ನಡುವಿಗೆ.
ಕಾಗೆಯ ಮಾತು ಆ ದಿನ ಬರಲಿಲ್ಲ.

ಒಂದು ರಾತ್ರಿ ಕಣ್ಣಲ್ಲಿ ತುಂಗೆಯ ಮರಳೆಲ್ಲ.
ಗಾಜು ಇಳಿಸುವ ಮೊದಲೇ ಗೀರಿದ್ದೆ, ಆತುರಗೇಡಿ.
ಆಲೂಗಡ್ಡೆ ಹೋಳು ಇಟ್ಟುಕೊಂಡು ಬೆಳಗು ಮಾಡಿದೆ.
ಸೋಮವಾರ ಅಳತೆ ಕೊಡಲು ಬಂದ ಹುಡುಗಿ
ಟೇಪು ಹಿಡಿದವಳ ಕೆಂಪು ಕಣ್ಣು ನೋಡಿ
ಮೆತ್ತಗೆ ಕೇಳಿದಳು: ಆಂಟಿ, ಮನೇಲೇನಾದ್ರೂ...?
ಇಲ್ಲ ಕಣೇ. ಸುಮ್ನೆ.
ನಂಬಲಿಲ್ಲ. ಹೋಗುವಾಗ ಕೈ ಒತ್ತಿ ಹೋದಳು.

ನಿನ್ನೆ ತಳ ಮುಗಿಯಿತು.
ಏಳುಮಲೈ ಬಕೆಟ್ಟಿನಲ್ಲಿ ನೀರು ತಂದು ಸುರಿದರು.
ನಿಂತಿತು. ಅದರಲ್ಲಿ ಶೆಡ್ಡಿನ ಸೂರು, ಒಂದು ಚೂರು ಆಕಾಶ.
ಇಬ್ಬರೂ ಮಂಡಿಯೂರಿ ಜೀಪಿನಡಿಗೆ ಬಗ್ಗಿ ಕಾದೆವು.
ಎಷ್ಟೋ ಹೊತ್ತಿನ ಮೇಲೆ
ಎಡ ಮೂಲೆಯಲ್ಲಿ, ಕ್ಲಚ್ಚಿನ ಕೆಳಗೆ,
ಸೂಜಿ ಕಣ್ಣಿನಷ್ಟು ಜಾಗದಿಂದ
ಒಂದು ಹನಿ ಇಣುಕಿ, ಯೋಚಿಸಿ, ಬಿತ್ತು.

ಅವರು ನನ್ನ ಮುಖ ನೋಡಿದರು. ನಾನು ಅವರದ್ದು.
"ಹೊಲಿಗೆ ಅಂದಮೇಲೆ..." ಅಂದೆ.
"ಮೊದಲು ಒರೆಸಿ," ಅಂದರು,
"ಆಮೇಲೆ ಕಡ್ಡಿ ತಗೊಳ್ಳಿ."