ಸವುಳು ನೀರಿನ ಲೆಕ್ಕ

ಸೀಸೆಯ ನೀರಿಗೆ ಐದು ಹನಿ ಹಾಕಿ ಅಲುಗಿಸಿದೆ.
ಹಳದಿ ಏರಲಿಲ್ಲ.
ಮೂರು ದಿನದಿಂದ ಇದೇ. ಪೆಟ್ಟಿಗೆಯ ಕೆಂಪು ದೀಪ
ಉಪ್ಪು ಕಡಿಮೆ, ಉಪ್ಪು ಕಡಿಮೆ ಎಂದು ಮಿಟುಕುತ್ತದೆ.
ಸುಳ್ಳು. ನಾನೇ ಸುರಿದಿದ್ದೇನೆ ಎರಡು ಚೀಲ.

ಖಾಜಾಹುಸೇನ್ ಬಂದ. ಸೆಲ್ ಬಿಚ್ಚಿ
ಬಕೆಟ್ಟಿನ ಆಸಿಡ್ಡಿಗೆ ಇಳಿಸಿದ. ಬುಸ್ಸೆಂದು ನೊರೆ.
ರಾಯಚೂರಿನ ಬೋರು ಆರು ಬೇಸಿಗೆ ಕಟ್ಟಿದ ಸುಣ್ಣದ ಗೋಡೆ
ಹತ್ತು ನಿಮಿಷಕ್ಕೆ ಕರಗಿತು.
ಕೆಳಗೆ ತಗಡು, ಅಲ್ಲಲ್ಲಿ ಬೋಳು.
'ಮತ್ತ ಕಲಾಯಿ ಹಾಕಾಕ ಬರಂಗಿಲ್ಲೇನು?'
'ಅದು ತಪೇಲಿ ಅಲ್ರಿ, ಮೇಡಂ.'

ತೊಳೆದದ್ದು ಒಂದು ತಿಂಗಳು ಬಾಳಬಹುದಂತೆ,
ಇಲ್ಲ, ನಾಡಿದ್ದಿನ ತನಕ.
ಸೆಲ್ ಒಂದೇ ಆದರೆ ನಲವತ್ತು ಸಾವಿರ, ಪೆಟ್ಟಿಗೆ ಸಮೇತ ತೊಂಬತ್ತು.
ಪೆಟ್ಟಿಗೆಗೂ ವಯಸ್ಸಾಗಿದೆ ಎಂದು ಅವನು ಹೇಳಲಿಲ್ಲ,
ಬೆರಳಿಂದ ತಟ್ಟಿದ, ಅಷ್ಟೇ.

ಉಪ್ಪು ತಿಂದವ ನೀರು ಕುಡಿಯಲೇಬೇಕು ಅಂತಾರೆ.
ಇದು ಎರಡನ್ನೂ ಒಟ್ಟಿಗೇ ನುಂಗಿ
ಆರು ವರ್ಷ ಮಕ್ಕಳ ಕಣ್ಣು ಕೆಂಪಾಗದ ಹಾಗೆ ನೋಡಿಕೊಂಡಿತು.

ಗೇಟಿನಲ್ಲಿ ಟವೆಲ್ ಹೊದ್ದ ಸಿಂಚನಾ:
'ಟೀಚರ್, ಇವತ್ತು ನೀರಾಗ ಕಣ್ಣು ತೆರೀಬಹುದಾ?'

ಖಾಜಾಹುಸೇನನಿಗೆ ಮುನ್ನೂರು ಕೊಟ್ಟೆ,
ರಿಪೇರಿ ಆಗಂಗಿಲ್ಲ ಎಂದದ್ದಕ್ಕೆ.
ಸೆಲ್ ತರಿಸು ಅಂದೆ. ಪೆಟ್ಟಿಗೆ ಮುಂದಿನ ಬೇಸಿಗೆಗೆ,
ಅದೂ ಒಪ್ಪಿದರೆ.

ಈಗ ಒಂಬತ್ತು ಮಕ್ಕಳು
ಬೆಚ್ಚನೆಯ ಕಟ್ಟೆಯ ಮೇಲೆ ಬೋರಲು ಮಲಗಿ
ಗಾಳಿಯಲ್ಲಿ ಕೈಕಾಲು ಬಡಿಯುತ್ತಿವೆ.
ಪಕ್ಕದಲ್ಲಿ ತುಂಬಿದ ಕೊಳ, ಅಲುಗದೆ.
ಸಿಂಚನಾ ಮಾತ್ರ ಕಣ್ಣು ತೆರೆದೇ ಇದ್ದಾಳೆ.